ಮೇಷ್ಟ್ರ ಮಾತಿನ ಬಾಲ

"ಹಲೋ... ಒಂದು, ಎರಡು, ಮೂರು. ಕೇಳಿಸ್ತಾ ಇದ್ಯಾ?"

ಹೆಡ್‌ಫೋನಿನಲ್ಲಿ ಆ ದನಿ ಕೇಳಿದ ಕೂಡಲೇ ಕೀಬೋರ್ಡಿನ ಮೇಲಿದ್ದ ಅವಳ ಬೆರಳುಗಳು ನಿಂತುಬಿಟ್ಟವು.

ಇಲ್ಲ... ಇರಲಾರದು!

ಅವನ ಮುಖವನ್ನು ಅವಳು ಒಮ್ಮೆಯೂ ನೋಡಿದವಳಲ್ಲ. ನಿಜವಾದ ಹೆಸರೂ ಗೊತ್ತಿರಲಿಲ್ಲ. ಆದರೆ ಈ ದನಿಯನ್ನು ಎರಡು ವರ್ಷ ದಿನಾ ಸಂಜೆ ಕಿವಿಯೊಳಗೆ ಇಟ್ಟುಕೊಂಡವಳು. ಆಮೇಲೆ ಒಂಬತ್ತು ವರ್ಷ ಅದಕ್ಕೆ ಹಿಡಿಶಾಪ ಹಾಕಿದವಳು.

ಅವಳು ತಲೆ ಎತ್ತಿ ಗಾಜಿನಾಚೆ ನೋಡಿದಳು. ಹೊರಗೆ ಸದ್ದು ಹೋಗದ ಸಣ್ಣ ಕೋಣೆಯಲ್ಲಿ, ಗ್ರೀಸ್ ಮೆತ್ತಿದ ಕೆಲಸದ ಅಂಗಿ ತೊಟ್ಟ ಒಬ್ಬ ಗಂಡಸು ಕುತ್ತಿಗೆ ಕೆರೆದುಕೊಳ್ಳುತ್ತ ಕುಳಿತಿದ್ದ. ಆ ಕಡೆಯಿಂದ ಗಾಜು ಬರೀ ಕನ್ನಡಿ. ಅವನಿಗೆ ಕಾಣುತ್ತಿದ್ದದ್ದು ಅವನದೇ ಮುಖ.

'ಇಷ್ಟೇನಾ ಇವನು! ಈ ಮುಖಕ್ಕೋಸ್ಕರ ನಾನು ಇಷ್ಟು ವರ್ಷ ಬಾಯಿ ಮುಚ್ಚಿಕೊಂಡೆನಾ?'

ಹೌದು, ಬಾಯಿ ಮುಚ್ಚಿಕೊಂಡಿದ್ದಳು. ಕಂಪ್ಯೂಟರಿನಲ್ಲಿ ಗುಂಪಾಗಿ ಆಟ ಆಡುವವರು ಪರಸ್ಪರ ಮಾತಾಡಿಕೊಳ್ಳಲು ಸಾಫ್ಟ್‌ವೇರ್ ಮಾಡುವ ಕಂಪನಿ ಅದು. ಅದರ ಗುಣ ಪರೀಕ್ಷಿಸುವುದೇ ಅವಳ ಕೆಲಸ. ಆದರೂ ಕೆಲಸಕ್ಕೆ ಸೇರಿದ ಈ ಐದು ವರ್ಷಗಳಲ್ಲಿ ಅವಳು ಯಾವ ಮೈಕಿನಲ್ಲೂ ಒಂದು ಮಾತು ಆಡಿರಲಿಲ್ಲ. "ದನಿ ಕಂಪನಿಯಲ್ಲಿ ಕೆಲಸ, ದನಿ ಮಾತ್ರ ಹೊರಡಲ್ಲ," ಎಂದು ಅವಳಮ್ಮ ಗೊಣಗುತ್ತಿದ್ದರು.

ಆಫೀಸಿನಲ್ಲಿ ಅದನ್ನು ಯಾರೂ ಗಮನಿಸಿರಲಿಲ್ಲ ಬಿಡಿ. ಲೋಕಕ್ಕೆಲ್ಲ ಮಾತು ಕಲಿಸುತ್ತೇವೆ ಎಂದು ಜಾಹೀರಾತು ಹಾಕುವ ಆ ಮಹಾನುಭಾವರು ಪಕ್ಕದ ಮೇಜಿನವನಿಗೆ ಪೆನ್ನು ಬೇಕಾದರೂ ಟೈಪ್ ಮಾಡಿಯೇ ಕೇಳುತ್ತಿದ್ದರು! ಅವಳ ಮ್ಯಾನೇಜರಂತೂ ಬೆನ್ನ ಹಿಂದೆಯೇ ಕುಳಿತು ಮೆಸೇಜ್ ಕಳಿಸುವ ಆಸಾಮಿ. ಪ್ರತಿ ಮೀಟಿಂಗಿನ ಕೊನೆಗೂ ತನಗೆ ತಾನೇ ಚಪ್ಪಾಳೆ ತಟ್ಟಿಕೊಳ್ಳುತ್ತಿದ್ದುದರಿಂದ ಎಲ್ಲರೂ ಅವನನ್ನು 'ಚಪ್ಪಾಳೆ' ಎಂದೇ ಕರೆಯುತ್ತಿದ್ದರು.

ಈಗಲೂ ಅವನ ಮೆಸೇಜ್ ಬಂತು. 'ಇವತ್ತು ಪರೀಕ್ಷೆಗೆ ಕರೆಸಿದವರಲ್ಲಿ ನಾಲ್ಕನೆಯವನು ಲಿಫ್ಟ್ ಮೆಕ್ಯಾನಿಕ್. ನಮ್ಮ ಹಳೇ ಸಾಫ್ಟ್‌ವೇರನ್ನು ಇನ್ನೂ ಬಿಡದ ಕೆಲವೇ ಜನರಲ್ಲಿ ಒಬ್ಬ. ಹೊಸದನ್ನು ಹೊಗಳಿಸು.'

ಹೊಗಳಿಸಬೇಕಂತೆ! ಅವಳು ಹಲ್ಲು ಕಚ್ಚಿ 'ಸರಿ' ಎಂದು ಟೈಪ್ ಮಾಡಿದಳು.

*

ಆಗ ಅವಳು ಕಾಲೇಜು ಹುಡುಗಿ. ನಡುಮನೆಯ ಮೂಲೆಯಲ್ಲಿ ಒಂದೇ ಕಂಪ್ಯೂಟರ್. ಸಂಜೆ ಏಳರಿಂದ ಒಂಬತ್ತರವರೆಗೆ ಅದು ಅವಳದು.

ಆ ಕಾಲದ ಸಾಫ್ಟ್‌ವೇರ್ ನೋಡಲು ಮಹಾ ದರಿದ್ರ. ಬೂದು ಬಣ್ಣದ ಕಿಟಕಿ, ಅದರಲ್ಲಿ ಹೆಸರುಗಳ ಪಟ್ಟಿ, ಮಾತಾಡುವವರ ಹೆಸರಿನ ಮುಂದೆ ಒಂದು ಹಸಿರು ಚುಕ್ಕೆ. ಮಾತಾಡಬೇಕೆಂದರೆ ಕೀಬೋರ್ಡಿನ ಒಂದು ಕೀಲಿ ಒತ್ತಿ ಹಿಡಿಯಬೇಕು. ಬಿಟ್ಟರೆ ಮೈಕು ಬಂದ್. ಫ್ಯಾನಿನ ಸದ್ದು, ಮೂಗಿನ ಉಸಿರು, "ಊಟ ಆರಿ ಹೋಗ್ತಿದೆ ಬಾರೇ!" ಎಂಬ ಅಮ್ಮನ ಕೂಗು... ಎಲ್ಲವೂ ಮಾತಿನ ಜೊತೆಗೇ ಹೋಗುತ್ತಿತ್ತು.

ಆರು ಜನರ ಟೀಮು. ನಾಯಕ 'ಮೇಷ್ಟ್ರು'. ಆಟದ ನಡುವೆ ಪಾಠ ಮಾಡುತ್ತಿದ್ದುದಕ್ಕೆ ಬಂದ ಹೆಸರು. ದೂರದಿಂದ ಗುರಿಯಿಟ್ಟು ಹೊಡೆಯುತ್ತಿದ್ದ ಅವಳಿಗೆ ಅವನೇ ಇಟ್ಟ ಹೆಸರು 'ಸೂಜಿ'.

"ಸೂಜಿ, ನಿಮ್ಮಮ್ಮ ಮೂರನೇ ಸಲ ಕರೀತಿದ್ದಾರೆ. ಹೋಗಿ ಊಟ ಮಾಡಿ ಬಾ, ನಾವು ಕಾಯ್ತೀವಿ."

"ನೀವು ಕಾಯಲ್ಲ ಮೇಷ್ಟ್ರೇ, ಸತ್ತು ಹೋಗ್ತೀರ."

"ನೀನಿಲ್ದೆ ಗೆಲ್ಲೋದಕ್ಕಿಂತ ಅದೇ ವಾಸಿ."

ಅಂಥ ಒಂದು ಮಾತನ್ನು ಎದೆಯಲ್ಲಿಟ್ಟುಕೊಂಡು ಅವಳು ಇಡೀ ವಾರ ಕಳೆಯುತ್ತಿದ್ದಳು. ಪ್ರೀತಿ ಎಂದು ತನಗೆ ತಾನೇ ಹೇಳಿಕೊಳ್ಳಲೂ ನಾಚಿಕೆ. ಮುಖ ನೋಡದವನ ಮೇಲೆ ಎಂಥ ಪ್ರೀತಿ?

ಉಳಿದ ನಾಲ್ವರಿದ್ದರಲ್ಲ, ಅವರ ಶೌರ್ಯ ಏನಿದ್ದರೂ ಕುರ್ಚಿಯ ಮೇಲೆ. ಆಟದಲ್ಲಿ ಊರು ಗೆಲ್ಲುವವರಿಗೆ ಹುಡುಗಿಯೊಬ್ಬಳು ತಮಗಿಂತ ಹೆಚ್ಚು ಅಂಕ ಗಳಿಸುವುದನ್ನು ಸಹಿಸಲಾಗಲಿಲ್ಲ. ಒಂದು ಸಂಜೆ ಸೋತ ಮೇಲೆ ನಾಲ್ವರೂ ಒಟ್ಟಿಗೆ ಶುರು ಮಾಡಿದರು. ಇವಳ ದನಿಯಿಂದಲೇ ಗಮನ ಕೆಡುತ್ತದಂತೆ! ಇವಳನ್ನು ತೆಗೆದುಹಾಕಬೇಕಂತೆ!

ಮೇಷ್ಟ್ರು ಮಾತಾಡಲಿ ಎಂದು ಅವಳು ಕಾದಳು.

ಹಸಿರು ಚುಕ್ಕೆ ಹೊತ್ತಿತು. "ಹುಡುಗಿ ದನಿ ಕೇಳಿದ್ರೆ ಆಟ ಕೆಡುತ್ತೆ, ಸೂಜಿ ನಮಗೆ ಬೇಡ."

ಚುಕ್ಕೆ ಆರಿತು.

ನಾಲ್ವರೂ ಕೇಕೆ ಹಾಕಿದರು. ಅವಳು ಹೆಡ್‌ಫೋನ್ ತೆಗೆದಿಟ್ಟು ಕಂಪ್ಯೂಟರ್ ಆರಿಸಿದಳು. ಮರುದಿನ ತನ್ನ ಖಾತೆಯನ್ನೇ ಅಳಿಸಿ ಹಾಕಿದಳು. ಮೈಕಿನ ತಂತಿ ಕಿತ್ತು ಪೆಟ್ಟಿಗೆಗೆ ಹಾಕಿದಳು.

ಅಂದಿನಿಂದ ಅವನು ಅವಳ ಪಾಲಿಗೆ ಒಬ್ಬ ಹೇಡಿ. ನಾಲ್ಕು ಜನ ಕೂಗಿದ ಕಡೆಗೆ ತಲೆ ಆಡಿಸಿದ, ಬೆನ್ನುಮೂಳೆಯಿಲ್ಲದ ಗಂಡು!

*

ಪರೀಕ್ಷೆ ಶುರುವಾಯಿತು. ಅವಳು ಪ್ರಶ್ನೆ ಟೈಪ್ ಮಾಡಬೇಕು. ಅದು ಅವನ ಪರದೆಯ ಮೇಲೆ ಮೂಡುತ್ತದೆ. ಅವನು ಮಾತಿನಲ್ಲಿ ಉತ್ತರಿಸಬೇಕು. ಮೊದಲು ಕೀಲಿ ಒತ್ತುವ ಕೆಲಸವಿಲ್ಲದ ಹೊಸ ಸಾಫ್ಟ್‌ವೇರಿನಲ್ಲಿ, ಆಮೇಲೆ ಹಳೆಯದರಲ್ಲಿ.

'ಹೊಸ ಸಾಫ್ಟ್‌ವೇರ್ ಹೇಗಿದೆ?'

"ಇದೇನು ಸ್ವಾಮಿ, ಮಾತಾಡೋ ಜಾಗವೋ ಸಂತೆಯೋ? ನನ್ನ ಹೆಸರಿನ ಸುತ್ತ ಕಿರೀಟ ಯಾಕೆ ಕುಣೀತಿದೆ? ಈ ಬೆಕ್ಕಿನ ಚಿತ್ರ ಯಾಕೆ ನನ್ನ ನೋಡಿ ಕಣ್ಣು ಹೊಡೀತಿದೆ?"

ಅವಳಿಗೆ ನಗು ಬಂತು. ಬಂದದ್ದಕ್ಕೆ ತನ್ನ ಮೇಲೆಯೇ ಸಿಟ್ಟು ಬಂತು.

'ಹಿನ್ನೆಲೆ ಸದ್ದನ್ನು ಇದು ಪೂರ್ತಿ ಅಳಿಸುತ್ತದೆ. ಉಪಯುಕ್ತವೇ?'

"ಫ್ಯಾನು ಅಳಿಸ್ತೀರಿ, ನಾಯಿ ಅಳಿಸ್ತೀರಿ, ಊಟಕ್ಕೆ ಕರೆಯೋ ಅಮ್ಮನ್ನೂ ಅಳಿಸ್ತೀರಿ. ಇನ್ನು ಮನುಷ್ಯರನ್ನೂ ಅಳಿಸಿಬಿಡಿ, ಕೆಲಸ ಮುಗೀತು."

'ಮನುಷ್ಯರನ್ನು ಅಳಿಸುವುದು ನಿನಗೆ ಗೊತ್ತಿಲ್ಲವೇನೋ!' ಎಂದುಕೊಂಡಳು. ಆದರೆ ಊಟಕ್ಕೆ ಕರೆಯುವ ಅಮ್ಮ ಇವನಿಗೆ ಈಗೇಕೆ ನೆನಪಾದರು?

ಹಳೆಯ ಸಾಫ್ಟ್‌ವೇರ್ ತೆರೆದುಕೊಂಡಿತು. ಅದೇ ಬೂದು ಕಿಟಕಿ. ಅವನ ಬೆರಳು ತಾನಾಗಿಯೇ ಕೀಲಿಯ ಮೇಲೆ ಹೋಯಿತು.

'ಎರಡನ್ನೂ ಹೋಲಿಸಿ ಹೇಳಿ.'

"ನಿಮ್ಮ ಹೊಸದು ಇದಕ್ಕಿಂತ ಸಾವಿರ ಪಾಲು ಮೇಲು."

ಹಿಂದಿನಿಂದ ಚಪ್ಪಾಳೆ ಕೇಳಿಸಿತು. ಮ್ಯಾನೇಜರ್ ಖುಷಿಯಿಂದ ಆ ವಾಕ್ಯವನ್ನು ಜಾಹೀರಾತಿಗೆಂದು ಬರೆದುಕೊಳ್ಳುತ್ತಿದ್ದ. ಅವಳಿಗೆ ಅಸಹ್ಯವಾಯಿತು. ಐದು ನಿಮಿಷದ ಹಿಂದೆ ಬೈದವನು ಈಗ ಹೊಗಳುತ್ತಿದ್ದಾನೆ. ಅದೇ ಗೋಸುಂಬೆ!

ಪಟ್ಟಿಯಲ್ಲಿ ಇಲ್ಲದ ಪ್ರಶ್ನೆಯನ್ನು ಅವಳ ಬೆರಳುಗಳು ಟೈಪ್ ಮಾಡಿಬಿಟ್ಟವು. 'ನಿಮ್ಮ ಹಳೆಯ ಟೀಮಿನಲ್ಲಿ ಹುಡುಗಿಯರು ಇದ್ದರೇ?'

ಅವನು ಪರದೆಯತ್ತ ಬಾಗಿ ಓದಿದ. ಆಮೇಲೆ ಕೀಲಿ ಒತ್ತಿದ.

"ಒಬ್ಬಳು ಇದ್ಳು. ಹೇಳದೆ ಕೇಳದೆ ಎದ್ದು ಹೋದ್ಳು. ಅಂಥವಳನ್ನ ನೆನಪಿಟ್ಕೊಳ್ಳೋದೇ ದಂಡ."

ದಂಡ! ಅವಳ ಕಣ್ಣು ತುಂಬಿತು. ಮುಖಕ್ಕೆ ಉಗಿಯುವಷ್ಟು ಕೋಪದಿಂದ ತಲೆ ಎತ್ತಿದಳು.

ಗಾಜಿನಾಚೆ ಅವನ ತುಟಿಗಳು ಇನ್ನೂ ಆಡುತ್ತಿದ್ದವು.

ಹೆಡ್‌ಫೋನಿನಲ್ಲಿ ಸದ್ದಿಲ್ಲ. ಪರದೆಯ ಹಸಿರು ಚುಕ್ಕೆ ಆರಿದೆ. ಅವನ ಬೆರಳು ಕೀಲಿಯಿಂದ ಎದ್ದು ಗಲ್ಲ ಕೆರೆಯುತ್ತಿದೆ. ಆದರೆ ತುಟಿಗಳು... ಅವನು ಮಾತು ಮುಗಿಸಿಯೇ ಇಲ್ಲ!

ಸದ್ದು ಹೋಲಿಸಿ ನೋಡಲು ಆ ಕೋಣೆಯ ಸೂರಿನಲ್ಲಿ ಇನ್ನೊಂದು ಮೈಕು ಇತ್ತು. ಅದು ಯಾವ ಕೀಲಿಗೂ ಕಾಯದೆ ಎಲ್ಲವನ್ನೂ ರೆಕಾರ್ಡ್ ಮಾಡಿಕೊಳ್ಳುತ್ತಿತ್ತು. ಅವಳು ಅದನ್ನು ಹಿಂದಕ್ಕೆ ಓಡಿಸಿ ಕೇಳಿದಳು.

"ನಿಮ್ಮ ಹೊಸದು ಇದಕ್ಕಿಂತ ಸಾವಿರ ಪಾಲು ಮೇಲು ಅಂತ ಹೇಳೋಕೆ ನನಗೇನು ತಲೆ ಕೆಟ್ಟಿದ್ಯಾ?"

ಅಯ್ಯೋ ದೇವರೇ...

"ಅಂಥವಳನ್ನ ನೆನಪಿಟ್ಕೊಳ್ಳೋದೇ ದಂಡ ಅಂತ ಮರೆಯೋಕೆ ನೋಡ್ದೆ. ಆಗ್ಲಿಲ್ಲ ಕಣ್ರೀ."

ಅವಳು ಹೆಡ್‌ಫೋನನ್ನು ಎರಡೂ ಕೈಯಿಂದ ಒತ್ತಿ ಹಿಡಿದಳು. ಎರಡು ವರ್ಷ ಅವನ ಮಾತುಗಳು ಹೀಗೇ ಕತ್ತರಿಸಿಕೊಂಡು ಬರುತ್ತಿದ್ದವು. ನೆಟ್ ಸರಿಯಿಲ್ಲ ಎಂದುಕೊಂಡು ಉಳಿದದ್ದನ್ನು ಅವಳೇ ಊಹಿಸಿಕೊಂಡು ನಗುತ್ತಿದ್ದಳು. ಕನ್ನಡದ ವಾಕ್ಯದಲ್ಲಿ ಹೌದೋ ಅಲ್ಲವೋ ತಿಳಿಯುವುದೇ ಕೊನೆಯಲ್ಲಿ. ಆ ಕೊನೆ ಬರುವ ಮೊದಲೇ ಈ ಪುಣ್ಯಾತ್ಮ ಬೆರಳೆತ್ತುತ್ತಿದ್ದ!

ಹಾಗಾದರೆ ಆ ಸಂಜೆ? ಆ ಮಾತಿಗೂ ಬಾಲ ಇತ್ತಾ?

ಅದರ ರೆಕಾರ್ಡಿಂಗ್ ಎಲ್ಲೂ ಇಲ್ಲ. ಕೇಳಬೇಕೆಂದರೆ ಅವನನ್ನೇ ಕೇಳಬೇಕು.

ಅವಳು 'ಮೇಷ್ಟ್ರೇ' ಎಂದು ಟೈಪ್ ಮಾಡಿದಳು. ಅಳಿಸಿದಳು. ಮೇಜಿನ ಮೇಲೆ ಆ ಕೋಣೆಗೆ ಮಾತಾಡುವ ಮೈಕು ಇತ್ತು. ಐದು ವರ್ಷದಿಂದ ಅದರ ಮೇಲೆ ಧೂಳು ಕೂತಿತ್ತು. ಅವಳು ಅದನ್ನು ಅಂಗೈಯಿಂದ ಒರೆಸಿದಳು. ಆಟ ಕೆಡಿಸುವ ದನಿ... ಅವನಿಗೂ ಬೇಡವಾಗಿದ್ದರೆ? ಬಾಲವೇ ಇಲ್ಲದಿದ್ದರೆ?

ಅವಳು ಗುಂಡಿ ಒತ್ತಿದಳು.

"ಮೇಷ್ಟ್ರೇ..."

ಗಾಜಿನಾಚೆ ಅವನು ಕುರ್ಚಿಯಿಂದ ಎದ್ದೇ ಬಿಟ್ಟ. ಸೂರು ನೋಡಿದ, ಗೋಡೆ ನೋಡಿದ, ಕನ್ನಡಿ ನೋಡಿದ.

"ಯಾರದು? ...ಸೂಜಿ?"

"ಕೀಲಿ ಬೇಡ, ಸುಮ್ನೆ ಮಾತಾಡಿ. ಆ ದಿನ ನೀವು 'ಸೂಜಿ ನಮಗೆ ಬೇಡ' ಅಂದ್ರಿ. ಆಮೇಲೆ ಏನಂದ್ರಿ?"

"ಒಂಬತ್ತು ವರ್ಷ ಆದ್ಮೇಲೆ ಬಂದು ಜಗಳ ಅಲ್ಲಿಂದಲೇ ಶುರು ಮಾಡ್ತೀಯಾ?"

"ಏನಂದ್ರಿ ಹೇಳಿ!" ಅವಳ ದನಿ ಒಡೆಯಿತು.

ಮ್ಯಾನೇಜರ್ ಅವಳ ಭುಜ ತಟ್ಟಿ ತನ್ನ ಫೋನು ಹಿಡಿದ. 'ಇದು ಪ್ರಶ್ನೆಪಟ್ಟಿಯಲ್ಲಿ ಇಲ್ಲ' ಎಂದು ಟೈಪ್ ಮಾಡಿದ್ದ.

"ಸ್ವಲ್ಪ ಸುಮ್ನಿರ್ತೀರಾ ಸರ್!"

ಅವಳಿಗೆ ಇಂಥ ದನಿಯಿದೆ ಎಂದು ಇಂದೇ ತಿಳಿದ ಚಪ್ಪಾಳೆ, ಕೈ ಕಟ್ಟಿಕೊಂಡು ಕುಳಿತುಬಿಟ್ಟ.

ಅವನು ಕನ್ನಡಿಯ ಹತ್ತಿರ ಬಂದು ನಿಂತಿದ್ದ. "ನಾನು ಅಂದಿದ್ದು, 'ಹುಡುಗಿ ದನಿ ಕೇಳಿದ್ರೆ ಆಟ ಕೆಡುತ್ತೆ, ಸೂಜಿ ನಮಗೆ ಬೇಡ ಅನ್ನೋರು ಈಗಲೇ ಎದ್ದು ಹೋಗಿ' ಅಂತ. ಅವರ್ಯಾರೂ ಹೋಗ್ಲಿಲ್ಲ. ಕೇಕೆ ಹಾಕಿದ್ರು. ನನ್ನನ್ನ ಆಡ್ಕೊಳ್ತಿದ್ದಾರೆ ಅಂತ ನಾಲ್ವರನ್ನೂ ಕಿತ್ತು ಹಾಕ್ದೆ. ತಿರುಗಿ ನೋಡಿದ್ರೆ ನಿನ್ನ ಹೆಸರೇ ಇಲ್ಲ... ನಿನಗೂ ನಾನು ಬೇಡವಾದೆ ಅಂದ್ಕೊಂಡೆ."

ಅವಳು ಬಾಯಿಗೆ ಕೈ ಅಡ್ಡ ಹಿಡಿದಳು. ನಾಲ್ಕು ಪದ. ಬರೀ ನಾಲ್ಕು ಪದ ಅವಳನ್ನು ತಲುಪಿರಲಿಲ್ಲ. ಹೇಡಿ ಎಂದು ಅವನನ್ನು ಎಷ್ಟು ಬೈದಿದ್ದಳು! ಒಂದು ಮಾತು ಕೇಳದೆ ಓಡಿಹೋದವಳು ಅವಳೇ ತಾನೇ?

"ನಿಮ್ಮ ಮಾತಿನ ಬಾಲ ಬರಲಿಲ್ಲ ಮೇಷ್ಟ್ರೇ. ನೀವು ಬೆರಳು ಬೇಗ ಎತ್ತಿಬಿಡ್ತೀರ."

ಅವನು ತನ್ನ ಬೆರಳನ್ನೇ ನೋಡಿಕೊಂಡ. "ಲಿಫ್ಟಿನ ಕೆಲಸದಲ್ಲೂ ಜೊತೆಯವನು ಇದನ್ನೇ ಬೈತಾನೆ. ವಾಕಿಟಾಕಿಯಲ್ಲಿ 'ಬಿಡು ಅಂದಾಗ ಬಿಡು' ಅಂದ್ರೆ ಅವನಿಗೆ 'ಬಿಡು' ಅಂತಷ್ಟೇ ಕೇಳುತ್ತಂತೆ. ಅವನ ಕಿವಿ ಸರಿಯಿಲ್ಲ ಅಂತ ನಾನು ಅವನನ್ನೇ..." ಅವನು ತಲೆಗೆ ಕೈ ಹಚ್ಚಿದ. "ಥೂ! ಎಂಥ ದಡ್ಡ ನಾನು!"

"ಹಳೇದನ್ನ ಯಾಕೆ ಇನ್ನೂ ಇಟ್ಕೊಂಡಿದ್ದೀರ?"

"ನಿನಗೆ ಗೊತ್ತಿದ್ದ ವಿಳಾಸ ಅದೊಂದೇ. ಬಂದ್ರೆ ಅಲ್ಲಿಗೇ ಬರ್ಬೇಕಲ್ಲ... ದಿನಾ ಸಂಜೆ ಏಳಕ್ಕೆ ತೆರೀತೀನಿ. ನಾನೊಬ್ಬನೇ ಇರ್ತೀನಿ. ಪ್ರೀತಿ ಅಂತ ಆಗ ಹೇಳೋ ಧೈರ್ಯ ಇರ್ಲಿಲ್ಲ ಸೂಜಿ. ಈಗ ಪೂರ್ತಿ ಹೇಳ್ತೀನಿ. ನನಗೆ ನೀನು ಬೇಕು. ಇದರ ಮುಂದೆ ಇನ್ನೇನೂ ಇಲ್ಲ. ಇಷ್ಟೇ."

ಅವಳು ಮೈಕು ಆರಿಸಿದಳು. ಎದ್ದು, ನಡುವಿನ ದಪ್ಪ ಬಾಗಿಲನ್ನು ಎರಡೂ ಕೈಯಿಂದ ತಳ್ಳಿ ಒಳಗೆ ಹೋದಳು.

ಈಗ ನಡುವೆ ಗಾಜಿಲ್ಲ, ತಂತಿಯಿಲ್ಲ, ಕಂಪನಿಯ ಕುಣಿಯುವ ಕಿರೀಟವಿಲ್ಲ. ಇಬ್ಬರಿಗೂ ಎಲ್ಲಿ ನೋಡಬೇಕೋ ತಿಳಿಯಲಿಲ್ಲ. ದನಿ ಎಷ್ಟು ಪರಿಚಿತವೋ ಮುಖ ಅಷ್ಟೇ ಅಪರಿಚಿತ. ಅವನು ಗ್ರೀಸ್ ಕೈಯನ್ನು ಅಂಗಿಗೆ ಒರೆಸಿಕೊಂಡ. ಅವಳು ಕಣ್ಣು ಒರೆಸಿಕೊಂಡಳು.

"ನಿನ್ನ ಮುಖ ನನಗೆ ಹೊಸದು," ಎಂದ ಅವನು ಮೆಲ್ಲಗೆ. "ಮಾತೇ ಹೊರಡ್ತಿಲ್ಲ. ಕಣ್ಣು ಮುಚ್ಚಿಕೊಂಡು ಮಾತಾಡ್ಲಾ?"

"ಬೇಡ. ನೋಡು."

ಮೊದಲ ಸಲ ಅವಳು ಅವನನ್ನು ಏಕವಚನದಲ್ಲಿ ಕರೆದಿದ್ದಳು. ಅದು ಅವನಿಗೂ ತಿಳಿಯಿತು. ಅವನ ಕಿವಿ ಕೆಂಪಾಯಿತು.

"ಅಭ್ಯಾಸ ಆಗೋಕೆ ತುಂಬ ಹೊತ್ತು ಬೇಕಾಗ್ಬಹುದು, ಸೂಜಿ."

ಅವಳು ಕುರ್ಚಿ ಎಳೆದುಕೊಂಡು ಅವನೆದುರು ಕುಳಿತಳು.

"ಆಗ್ಲಿ. ನಾನೇನೂ ಎದ್ದು ಹೋಗಲ್ಲ."