ಡಬ್ಬಿಯೊಳಗಿನ ಪ್ರೊಸೆಸರ್

ನಂಬಿದರೆ ನಂಬಿ, ಬಿಟ್ಟರೆ ಬಿಡಿ. ಕಂಪ್ಯೂಟರ್ ರಿಪೇರಿ ನನ್ನ ಕಸುಬು. ತೀರಿಕೊಂಡ ಭಾವನ ಹಳೇ ಲ್ಯಾಪ್‌ಟಾಪನ್ನು ಅಕ್ಕ ತಂದಳು.

"ತುಂಬಾ ನಿಧಾನ ಆಗಿದೆ ಕಣೋ. ಆದ್ರೆ ಎಸೆಯೋಕೆ ಮನಸ್ಸು ಬರಲ್ಲ."

ಹಳೇ ಪ್ರೊಸೆಸರ್ ಕಿತ್ತು, ವೇಗದ್ದೊಂದನ್ನು ಕೂರಿಸಿಕೊಟ್ಟೆ. ಕಿತ್ತದ್ದನ್ನು ರೂಢಿಯಂತೆ ಸ್ಕ್ರೂ ಡಬ್ಬಿಗೆ ಹಾಕಿದೆ.

ಮರುದಿನ ಸ್ಕ್ರೂಗೆಂದು ಡಬ್ಬಿಯಲ್ಲಿ ಕೈಯಾಡಿಸಿದರೆ, ಸ್ಕ್ರೂಗಳೆಲ್ಲ ತಣ್ಣಗಿದ್ದವು. ಆ ಪ್ರೊಸೆಸರ್ ಮಾತ್ರ ಜ್ವರ ಬಂದವರ ಹಣೆಯ ಹಾಗೆ ಸುಡುತ್ತಿತ್ತು. ಕೆಲಸದಲ್ಲಿ ಮನಸ್ಸೇ ನಿಲ್ಲಲಿಲ್ಲ. ಮತ್ತೆ ಮತ್ತೆ ಎದ್ದು ಹೋಗಿ ಮುಟ್ಟಿ ನೋಡಿದೆ.

ಅದನ್ನು ಕೈಯಲ್ಲಿ ಹಿಡಿದಿದ್ದಾಗಲೇ ಅಕ್ಕನ ಫೋನ್ ಬಂತು.

"ಬೆಳಗ್ಗೆಯಿಂದ ಟೈಪ್ ಮಾಡ್ತಿದೀನಿ, ಚೆನ್ನಾಗೇ ಓಡ್ತಿದೆ. ಆದ್ರೆ ಮುಂಚೆ ಕೈ ಬೆಚ್ಚಗಿರ್ತಿತ್ತು, ಈಗ ಐಸ್ ಥರ ಕೊರೀತಿದೆ. ಹಳೇದನ್ನ ಎಸೆದ್‌ಬಿಟ್ಯಾ?"

"ಇಲ್ಲ ಅಕ್ಕ."

"ಸರಿ, ತಾಳು. ಲ್ಯಾಪ್‌ಟಾಪ್ ಆಫ್ ಮಾಡ್ತೀನಿ."

ನನ್ನ ಮುಷ್ಟಿಯೊಳಗಿದ್ದದ್ದು ಆ ಕ್ಷಣವೇ ತಣ್ಣಗಾಯಿತು.