ಪಟ್ಟಿಯ ಕೊನೆಯವಳು

ರಿಪೇರಿ ಅಂಗಡಿಗೆ ಬಂದು ‘ಸರಿಮಾಡಬೇಡಿ’ ಎಂದು ಬರೆದುಕೊಡುವ ಗಿರಾಕಿಯನ್ನು ರಿಪೇರಿಯವನು ನೋಡಿದ್ದು ಅದೇ ಮೊದಲು. ಕುತ್ತಿಗೆಗೆ ಮಫ್ಲರ್ ಸುತ್ತಿಕೊಂಡಿದ್ದ ಆಸಾಮಿ ಕಂಪ್ಯೂಟರನ್ನು ಮೇಜಿನ ಮೇಲಿಟ್ಟು, ಜೇಬಿನಿಂದ ಚೀಟಿ ತೆಗೆದು ಚಾಚಿದ. ಬಾಯಿ ಬಿಡಲಿಲ್ಲ. ಚೀಟಿಯಲ್ಲಿ ದುಂಡಗಿನ ಅಕ್ಷರ: ‘ಇಪ್ಪತ್ತು ವರ್ಷದ ಹಳೇ ಆಟ. ನಲವತ್ತಮೂರು ಮಾಡ್‌ಗಳಿವೆ. ಶುರುವಾದ ಕೂಡಲೇ ನಿಂತುಹೋಗುತ್ತದೆ. ನಡೆಯುವಂತೆ ಮಾಡಿಕೊಡಿ. ಪಟ್ಟಿಯ ಕೊನೆಯಲ್ಲಿರುವ ಹೆಂಗಸು ಗಂಡಸಿನ ದನಿಯಲ್ಲಿ ಮಾತಾಡುತ್ತಾಳೆ. ಅದನ್ನು ಸರಿಮಾಡಬೇಡಿ.’ ಕೊನೆಯ ಪದದ ಕೆಳಗೆ ಒಂದು ಗೆರೆ.

“ಯಾಕೆ ಸಾರ್, ಸರಿಮಾಡಿದ್ರೆ ಎದ್ದು ಬಂದು ಹೊಡೀತಾಳಾ?” ಎಂದು ರಿಪೇರಿಯವನು ನಕ್ಕ.

ಮಫ್ಲರಿನವನು ನಗಲಿಲ್ಲ. ಗೆರೆಯ ಮೇಲೆ ಬೆರಳಿಟ್ಟು ತೋರಿಸಿ ಹೊರಟುಹೋದ. ಅವನು ನಿಂತಿದ್ದ ಜಾಗದಲ್ಲಿ ಸುಟ್ಟ ಕೂದಲಿನ ವಾಸನೆ ಸ್ವಲ್ಪ ಹೊತ್ತು ಉಳಿಯಿತು.

ರಿಪೇರಿಯವನು ಆ ಬೀದಿಗೆ ಬಂದು ಮೂರು ತಿಂಗಳಾಗಿತ್ತಷ್ಟೆ. ಅಂಗಡಿ ನೆಲಮಾಳಿಗೆಯಲ್ಲಿತ್ತು. ಕಿಟಕಿ ಇಲ್ಲ, ಹಗಲಲ್ಲೂ ಒಂದೇ ಟ್ಯೂಬ್‌ಲೈಟು, ಗೋಡೆಯ ತೇವವೂ ಬೆಸುಗೆಯ ಹೊಗೆಯೂ ಬೆರೆತ ಒಂದು ಹಳಸಲು ವಾಸನೆ. ಆದರೂ ಅವನು ಆ ಜಾಗವನ್ನೇ ಹಿಡಿದದ್ದು ಎದುರಿಗೆ ಬಸ್ ನಿಲ್ದಾಣವಿತ್ತೆಂದು. ಅಲ್ಲಿ ಮೈಕಿನಲ್ಲಿ ಬಸ್ಸು ಕೂಗುವವಳು ಅವನ ಅಕ್ಕ. ಅಪ್ಪ ಅಮ್ಮ ಹೋದಮೇಲೆ ಅವನನ್ನು ಗದರಿ, ರಮಿಸಿ, ಹಾಡಿ ಮಲಗಿಸಿ ಬೆಳೆಸಿದ್ದು ಅದೇ ದನಿ. ಕಾಲು ಗಂಟೆಗೊಮ್ಮೆ ಅದು ಮೆಟ್ಟಿಲಿಳಿದು ಬಂದರೆ ಅವನಿಗೆ ಜಗತ್ತು ನೆಟ್ಟಗಿದೆ ಎಂಬ ಧೈರ್ಯ.

ಆ ಆಟದಲ್ಲಿ ಆಡುವವನೇ ಒಬ್ಬ ಪಾತ್ರವಾಗಿ ಊರೂರು ಅಲೆಯಬೇಕು. ಮೂಲ ಆಟ ಸಾಲದೆ ಅಭಿಮಾನಿಗಳು ಹೊಲಿದು ಸೇರಿಸಿದ ತೇಪೆಗಳೇ ಮಾಡ್‌ಗಳು: ಒಬ್ಬ ಕುದುರೆ ಸೇರಿಸಿದರೆ ಇನ್ನೊಬ್ಬ ಇಡೀ ಕೋಟೆ ಸೇರಿಸುತ್ತಾನೆ. ಎಲ್ಲಕ್ಕೂ ಒಂದು ಪಟ್ಟಿ. ಎರಡು ಮಾಡ್‌ಗಳು ಒಂದೇ ವಸ್ತುವಿಗೆ ಕೈ ಹಾಕಿದರೆ ಪಟ್ಟಿಯಲ್ಲಿ ಕೆಳಗಿರುವುದರ ಮಾತೇ ನಡೆಯುತ್ತದೆ. ರಿಪೇರಿಯವನು ಅರ್ಧ ಮಾಡ್‌ಗಳನ್ನು ಆಫ್ ಮಾಡಿ ನೋಡಿದ, ಉಳಿದದ್ದನ್ನು ಮತ್ತೆ ಅರ್ಧ ಮಾಡಿದ, ಹೀಗೇ ಜರಡಿ ಹಿಡಿದು ಮಧ್ಯಾಹ್ನದ ಹೊತ್ತಿಗೆ ಕಳ್ಳನನ್ನು ಹಿಡಿದ. ಮಳೆಯ ಮಾಡ್‌ಗೂ ಕುದುರೆಯ ಮಾಡ್‌ಗೂ ಜಗಳ. ಒಂದನ್ನು ಕೆಳಗಿಳಿಸಿದ. ಆಟ ಓಡಿತು.

ಕೆಲಸ ಅಲ್ಲಿಗೆ ಮುಗಿದಿತ್ತು. ಕಂಪ್ಯೂಟರ್ ಕಟ್ಟಿಟ್ಟು ಊಟಕ್ಕೆ ಏಳಬಹುದಿತ್ತು. ಆದರೆ ಚೀಟಿ ತಲೆಯಲ್ಲಿ ಹುಳ ಬಿಟ್ಟಿತ್ತು.

ಪಟ್ಟಿಯ ನಲವತ್ತಮೂರನೆಯ ಸಾಲಿನಲ್ಲಿ ಮಾಡಿದವನ ಹೆಸರಿಲ್ಲ, ತಾರೀಖಿಲ್ಲ. ಆಟದೊಳಗೆ ಹುಡುಕುತ್ತ ಹೋದ. ಪಾಳು ಮನೆಯೊಂದರ ಹೊಸ್ತಿಲಲ್ಲಿ ಆ ಹೆಂಗಸು ಕೂದಲು ಮುಖಕ್ಕೆ ಬಿಟ್ಟುಕೊಂಡು ಕೂತಿದ್ದಳು. ಹತ್ತಿರ ಹೋದ ಕೂಡಲೇ ತಲೆ ಎತ್ತದೆ ಹೇಳಿದಳು: “ಬಾ, ಕೂತ್ಕೋ. ದೂರದಿಂದ ಬಂದಿದ್ದೀಯ.” ಅಪ್ಪಟ ಗಂಡಸಿನ ದನಿ. ಮಾತು ಕರೆಯುವ ಮಾತು, ದನಿಯಲ್ಲಿ ಮಾತ್ರ ಅಳು.

ಯಾರದು ಈ ದನಿ? ಬೇಡ ಎಂದು ಗೆರೆ ಎಳೆಯುವಷ್ಟು ಇದರಲ್ಲೇನಿದೆ? ಕದ್ದ ಮಾಲು ಇರಬಹುದೇ? ಅನುಮಾನಗಳು ಒಂದರ ಮೇಲೊಂದು ಬಂದವು, ಆದರೆ ಅವನ ಕೈ ಮಾತ್ರ ಕಡಿಯುತ್ತಿತ್ತು. ಕಣ್ಣೆದುರಿಗಿರುವ ತಪ್ಪನ್ನು ಬಿಟ್ಟೆದ್ದು ಹೋಗುವವನು ರಿಪೇರಿಯವನೇ ಅಲ್ಲ. ಹೆಂಗಸಿಗೆ ಹೆಂಗಸಿನ ದನಿ ಹಾಕುವುದು ಎರಡು ನಿಮಿಷದ ಕೆಲಸ.

ಅಷ್ಟರಲ್ಲಿ ಅಕ್ಕ ಊಟದ ಡಬ್ಬಿ ಹಿಡಿದು ಇಳಿದು ಬಂದಳು.

“ಲೋ ಸ್ಕ್ರೂ, ಗಂಟೆ ಎರಡಾಯ್ತು. ಹೊಟ್ಟೆಗೂ ಬೆಸುಗೆ ಹಾಕ್ಕೊಂಡಿದ್ದೀಯಾ?”

“ಅಕ್ಕಾ, ಒಂದೇ ಒಂದು ಸಾಲು ಓದು. ಈ ಮೈಕಿಗೆ.”

ಅವಳು ಪರದೆ ನೋಡಿದಳು, ಚೀಟಿ ಓದಿದಳು. ಮುಖ ಸಣ್ಣದಾಯಿತು. “ಬೇಡ ಅಂತ ಬರೆದಿದ್ದಾರಲ್ಲೋ. ನಂಗ್ಯಾಕೋ ಸರಿ ಕಾಣ್ತಿಲ್ಲ.”

“ಊರಿಗೆಲ್ಲಾ ಕೂಗ್ತೀಯ, ಒಂದು ಗೊಂಬೆಗೆ ಹೆದರ್ತೀಯಾ?”

ತಮ್ಮ ಕೇಳಿದರೆ ಇಲ್ಲ ಎನ್ನುವುದು ಅವಳಿಗೆ ಗೊತ್ತಿರಲಿಲ್ಲ. ಓದಿದಳು. ಡಬ್ಬಿ ಬಿಟ್ಟು, ಎರಡೂಕಾಲರ ಬಸ್ಸು ಕೂಗಲು ಓಡಿದಳು. ಅವನು ಹಳೆಯ ಫೈಲಿನ ಪ್ರತಿ ಎತ್ತಿಟ್ಟು, ಅದೇ ಹೆಸರಿನಲ್ಲಿ ಅಕ್ಕನ ದನಿಯನ್ನು ಪಟ್ಟಿಯ ಅಡಿಯ ಆ ಸಾಲಿಗೇ ಹಾಕಿದ.

“ಬಾ, ಕೂತ್ಕೋ,” ಎಂದಳು ಹೊಸ್ತಿಲ ಹೆಂಗಸು, ಅಕ್ಕನ ದನಿಯಲ್ಲಿ. ಈ ಸಲ ತಲೆ ಎತ್ತಿದಳು. ಕೂದಲ ಹಿಂದೆ ಮುಖವೇ ಇರಲಿಲ್ಲ, ಬಾಯಿ ಮಾತ್ರ ಇತ್ತು. ಅಂಗಡಿಯಲ್ಲಿ ಸುಟ್ಟ ಕೂದಲಿನ ವಾಸನೆ ಗಪ್ಪೆಂದು ಎದ್ದಿತು. ಎಲ್ಲೋ ತಂತಿ ಸುಟ್ಟಿರಬೇಕೆಂದು ಅವನು ಪ್ಲಗ್ಗುಗಳನ್ನು ಮೂಸಿ ನೋಡಿದ.

ಎರಡೂಕಾಲು ಆಯಿತು. ನಿಲ್ದಾಣದ ಮೈಕು ಗರ್ರೆಂದಿತು. ದನಿ ಬರಲಿಲ್ಲ. ಎರಡೂವರೆಗೂ ಬರೀ ಗರ್ರ್. ಆಂಪ್ಲಿಫೈಯರ್ ಕೆಟ್ಟಿದೆ ಎಂದುಕೊಂಡ. ಎದೆ ಮಾತ್ರ ಹಾಗೆ ಅಂದುಕೊಳ್ಳಲಿಲ್ಲ. ರಸ್ತೆ ದಾಟಿ ಓಡಿದ.

ಗಾಜಿನ ಕೋಣೆಯಲ್ಲಿ ಅಕ್ಕ ಮೈಕಿನ ಮುಂದೆ ಬಾಯಾಡಿಸುತ್ತಿದ್ದಳು. ಕುತ್ತಿಗೆಯ ನರ ಉಬ್ಬಿತ್ತು. ಕಣ್ಣಿಂದ ನೀರು ಹರಿಯುತ್ತಿತ್ತು. ಪಿಸುಮಾತೂ ಇಲ್ಲ.

“ಗಂಟಲು ಹಿಡಿದಿರಬೇಕು, ಬಿಸಿನೀರು ಕುಡಿದ್ರೆ ಹೋಗುತ್ತೆ,” ಎನ್ನುತ್ತ ಅವಳನ್ನು ಕೈಹಿಡಿದು ಅಂಗಡಿಗೆ ಕರೆತಂದ. ತನ್ನ ಮಾತನ್ನು ತಾನೇ ನಂಬಿರಲಿಲ್ಲ.

ಫೋನು ಬಡಿದುಕೊಳ್ಳುತ್ತಿತ್ತು.

“ಸರಿಮಾಡಿಬಿಟ್ರಾ ಸ್ವಾಮಿ?”

ಆ ದನಿ! ಮಧ್ಯಾಹ್ನ ಹೊಸ್ತಿಲ ಹೆಂಗಸಿನ ಬಾಯಿಂದ ಕೇಳಿದ ಅದೇ ಗಂಡು ದನಿ.

“ನೀವು... ಮಫ್ಲರ್...”

“ಹೂಂ. ನಾನೂ ಆಟಕ್ಕಂತ ನನ್ನ ದನಿ ಹಾಕಿ ಸಿಕ್ಕಿಬಿದ್ದವನೇ. ನನ್ನ ಮಗಳಿಗೆ ಎರಡು ವರ್ಷ. ಹುಟ್ಟಿದಾಗಿಂದ ಒಂದು ಸಲಾನೂ ಹೆಸರು ಹಿಡಿದು ಕರೆದಿರ್ಲಿಲ್ಲ. ಈಗ ಕರೆದೆ. ತಿರುಗಿ ನೋಡಿದ್ಲು.”

“ಬೇಡ ಅಂತ ಬರೆದಿದ್ರಲ್ಲ!”

“ಬೇಡ ಅಂದಿದ್ದಕ್ಕೇ ತಾನೇ ಮಾಡಿದ್ದು? ಅದನ್ನ ಅಳಿಸಬೇಡಿ ಸ್ವಾಮಿ. ಜೀವ ಹೋಗುತ್ತೆ. ನನ್ನನ್ನ ಬೈಕೊಳ್ಳಿ.” ಫೋನು ಸತ್ತಿತು.

ಇವನ ಮಾತು ಇನ್ನು ಯಾರು ನಂಬುತ್ತಾರೆ? ಅವನು ನಲವತ್ತಮೂರನೆಯ ಸಾಲಿನ ಗುರುತು ತೆಗೆದು ಅದನ್ನು ಆಫ್ ಮಾಡಿದ.

ಅಕ್ಕ ಕುರ್ಚಿಯಿಂದ ಜಾರಿದಳು. ಎರಡೂ ಕೈ ಗಂಟಲಿಗೆ. ತುಟಿ ನೀಲಿ. ಉಸಿರಿಲ್ಲ. ಟ್ಯೂಬ್‌ಲೈಟು ಆರಿತು. ಕತ್ತಲಲ್ಲಿ ಪರದೆಯೊಂದೇ ಬೆಳಕು. ಗುರುತು ಹಾಕಿದ. ಉಸಿರು ಬಂತು. ಹಳೆಯ ಫೈಲಿನ ಪ್ರತಿ ಹುಡುಕಿದ. ಇತ್ತು. ಗಾತ್ರ ಸೊನ್ನೆ. ಬಾಯೊಂದೇ ಇದ್ದ ಮುಖ ಪರದೆ ತುಂಬ ಬೆಳೆದಿತ್ತು. ಅದು ನಗುತ್ತಿತ್ತು. ಅಕ್ಕನ ನಗು. ವಾಸನೆಗೆ ತಲೆ ತಿರುಗಿತು.

ಅಡಿಯಲ್ಲಿರುವುದರ ಮಾತೇ ನಡೆಯುವುದು. ಹಾಗಾದರೆ ಅಡಿಯ ಆ ಸಾಲಿಗೆ ಇನ್ನೊಂದು ದನಿ ಬೇಕು.

ಅವನು ಮೈಕು ಎಳೆದುಕೊಂಡ. ಅಕ್ಕನಿಗೆ ಅರ್ಥವಾಯಿತು. ತೆವಳಿ ಬಂದು ಮಣಿಕಟ್ಟು ಹಿಡಿದಳು. ಬೇಡ, ಬೇಡ ಎಂದು ತಲೆ ಅಲ್ಲಾಡಿಸಿದಳು.

“ಅಕ್ಕಾ, ಮೂರರ ಬಸ್ಸಿಗೆ ಹೊತ್ತಾಯ್ತು. ನೀನೇ ಕೂಗ್ಬೇಕು,” ಎಂದ. ಅತ್ತುಬಿಟ್ಟ. ಅಳುತ್ತಲೇ ಮೈಕಿಗೆ ಓದಿದ: “ಬಾ, ಕೂತ್ಕೋ. ದೂರದಿಂದ ಬಂದಿದ್ದೀಯ.”

ಫೈಲು ಅದೇ ಸಾಲಿಗೆ ಸೇರಿತು. ಗಂಟಲೊಳಗಿಂದ ಏನೋ ಉದ್ದವಾದದ್ದನ್ನು ಯಾರೋ ಎಳೆದು ತೆಗೆದಂತಾಯಿತು. ಕತ್ತಲಲ್ಲಿ ಅಕ್ಕನ ಕೂಗು ಕೇಳಿಸಿತು: “ಬೇಡ ಕಣೋ!” ಅದು ನಿಜವಾದ ದನಿ. ಅವನಿಗೆ ಅಷ್ಟು ಸಂತೋಷವಾಯಿತು. ಅದನ್ನು ಹೇಳಲು ಬಾಯಿ ತೆರೆದ.

ವಾರ ಕಳೆಯಿತು. ನಿಲ್ದಾಣದ ಮೈಕಿನಲ್ಲಿ ಬಸ್ಸುಗಳ ಹೆಸರು ಮೊದಲಿನಂತೆ ಮೆಟ್ಟಿಲಿಳಿದು ಬರುತ್ತಿತ್ತು. ಮೊದಲೆರಡು ದಿನ ಅದನ್ನು ಕೇಳಿ ಸಮಾಧಾನವಾಯಿತು. ಮೂರನೆಯ ದಿನ ಬಂದ ಗಿರಾಕಿ ಎರಡು ಸಲ ಮಾತಾಡಿಸಿ, ಸೊಕ್ಕು ಎಂದು ಬೈದು ಹೋದ. ನಾಲ್ಕನೆಯ ದಿನ ರಿಪೇರಿಯವನು ಅಂಗಡಿಗೆ ಒಳಗಿಂದ ಚಿಲಕ ಹಾಕಿ ಆಟ ತೆರೆದು, ಹೊಸ್ತಿಲ ಹೆಂಗಸಿನ ಎದುರು ನಿಂತು, ತನ್ನ ದನಿಯನ್ನು ಇಪ್ಪತ್ತು ಸಲ ಕೇಳಿದ.

ಏಳನೆಯ ದಿನ ಡಬ್ಬಿ ತಂದ ಅಕ್ಕ ಮೇಜಿನ ಕೆಳಗೆ ಕಂಪ್ಯೂಟರ್ ನೀಟಾಗಿ ಕಟ್ಟಿಟ್ಟಿದ್ದನ್ನು ಕಂಡಳು. “ಇದನ್ನ ಯಾಕೆ ಕಟ್ಟಿದ್ದೀಯ? ಮುಂದಿನ ಬೀದಿ ರಿಪೇರಿ ಅಂಗಡೀನ ನೋಡ್ಕೊಂಡು ಬಂದ್ಯಂತೆ. ಸ್ಕ್ರೂ, ನನ್ನ ಮುಖ ನೋಡು. ಇದನ್ನ ಯಾರಿಗೂ ಕೊಡಲ್ಲ ತಾನೇ?”

ಅವನು ಅವಳ ಮುಖವನ್ನೇ ನೋಡುತ್ತ, ಕೊಡುವುದಿಲ್ಲವೆಂದು ತಲೆ ಅಲ್ಲಾಡಿಸಿದ. ಅಕ್ಕ ಅವನ ತಲೆ ಸವರಿ, ಮೂರರ ಬಸ್ಸು ಕೂಗಲು ಹೋದಳು.

ಮೆಟ್ಟಿಲ ಸದ್ದು ನಿಂತ ಮೇಲೆ ಅವನು ಜೇಬಿನಿಂದ ಮಫ್ಲರಿನವನ ಅದೇ ಚೀಟಿ ತೆಗೆದು ಬಿಡಿಸಿದ. ಮಳೆ-ಕುದುರೆಗಳ ಜಗಳವನ್ನು ಅವನೇ ಮತ್ತೆ ಹಚ್ಚಿಟ್ಟಿದ್ದರಿಂದ ಬರೆದದ್ದೆಲ್ಲ ಸರಿಯಾಗಿತ್ತು. ಪೆನ್ನು ಎತ್ತಿಕೊಂಡು, ‘ಸರಿಮಾಡಬೇಡಿ’ ಎಂಬುದರ ಕೆಳಗೆ ಇನ್ನೊಂದು ಗೆರೆ ಎಳೆದ.