ಎಡತಿರುವಿನಲ್ಲಿ ಹಿಡಿದ ಬ್ರೇಕು

ಸೋಮವಾರ ಬೆಳಗ್ಗೆ ಎಂಟೂವರೆಗೆ ಠಾಣೆಗೆ ಬಂದ ಬೇಕರಿ ಯಜಮಾನರ ಮೊಣಕೈ ತರಚಿತ್ತು. ಬನ್ನಿನ ಬುಟ್ಟಿ ಹೇರಿಕೊಂಡು ಹೊರಟವರು ಮನೆ ಮುಂದಿನ ತಿರುವಿನಲ್ಲೇ ಸೈಕಲ್ ಸಮೇತ ಮಗುಚಿಬಿದ್ದಿದ್ದರು. ಬ್ರೇಕಿಗೆ ಯಾರೋ ಕೈ ಹಾಕಿದ್ದಾರೆ. ಯಾರೋ ಏನು, ಪಕ್ಕದ ಮನೆಯ ತಮ್ಮನೇ, ಕೊಲ್ಲಲೆಂದೇ ಮಾಡಿದ್ದು ಎಂದು ದೂರು ಬರೆದುಕೊಟ್ಟರು. ಮನೆ ಪಾಲಾದಾಗ ಮಹಡಿಯ ಮೆಟ್ಟಿಲು ಯಾರಿಗೆ ಎಂದು ಹತ್ತಿದ ಜಗಳ; ಎರಡು ವರ್ಷದಿಂದ ಅಣ್ಣತಮ್ಮಂದಿರಿಗೆ ಮಾತಿಲ್ಲ.

ಇನ್‌ಸ್ಪೆಕ್ಟರ್ ದೂರನ್ನು ಎರಡು ಸಲ ಓದಿದರು. ಕೊಲೆಯತ್ನವೆಂದು ಎಫ್‌ಐಆರ್ ಆದರೆ ತಮ್ಮನಿಗೆ ಜೈಲು. ಆಮೇಲೆ ನಿಜ ಏನೇ ಇರಲಿ, ಒಡೆದ ಮನಸ್ಸು ಕೂಡುವುದಿಲ್ಲವೆಂದು ಆಕೆಗೆ ಗೊತ್ತಿತ್ತು.

“ಸೈಕಲ್ ನೋಡದೆ ಕೊಲೆಯತ್ನ ಅಂತ ಬರೆಯೋಕಾಗಲ್ಲ ಯಜಮಾನ್ರೇ.”

“ನಾನು ಬದುಕಿ ಬಂದದ್ದೇ ನಿಮಗೆ ತೊಂದರೆ ಆಯ್ತು ಅನ್ನಿ.”

ಸ್ಥಳ ಪಂಚನಾಮೆ ಒಂಬತ್ತೂವರೆಗೆ ನಡೆಯಿತು. ರಸ್ತೆಯಲ್ಲಿ ಹಿಂದಿನ ಚಕ್ರ ಜಾರಿದ ಕರಿ ಗೆರೆಯಿತ್ತು, ಬನ್ನು ಒಂದೂ ಇರಲಿಲ್ಲ. ತಿಂದು ಸಾಕ್ಷ್ಯನಾಶ ಮಾಡಿದ ಬೀದಿನಾಯಿಗಳನ್ನೂ ಆರೋಪಿಗಳಾಗಿ ಸೇರಿಸಲೇ ಎಂದು ಕಾನ್‌ಸ್ಟೇಬಲ್ ಕೇಳಿದ. ಎತ್ತರದಿಂದಾಗಿ ಅವನನ್ನು ಠಾಣೆಯಲ್ಲಿ ಎಲ್ಲರೂ ಏಣಿ ಎನ್ನುತ್ತಿದ್ದರು.

ಸೈಕಲ್ಲನ್ನು ಠಾಣೆಯ ಅಂಗಳಕ್ಕೆ ತಂದು ನೋಡಿದರೆ ಕೇಬಲ್ ಎಲ್ಲೂ ತುಂಡಾಗಿರಲಿಲ್ಲ. ಬ್ರೇಕು ಚೆನ್ನಾಗಿಯೇ ಹಿಡಿಯುತ್ತಿತ್ತು. ಏಣಿ ಸೈಕಲ್ ಹತ್ತಿ ನೇರವಾಗಿ ತುಳಿದ; ಏನೂ ಆಗಲಿಲ್ಲ. ಗೇಟಿನ ಬಳಿ ಎಡಕ್ಕೆ ತಿರುಗಿಸಿದ್ದೇ ತಡ, ಬ್ರೇಕು ಒತ್ತದೆಯೂ ಹಿಂದಿನ ಚಕ್ರ ಗಕ್ಕನೆ ನಿಂತು, ಅವನು ಹೂಕುಂಡಗಳ ನಡುವೆ ಹೋಗಿ ಕೂತ.

ಇನ್‌ಸ್ಪೆಕ್ಟರ್ ಮಂಡಿಯೂರಿ ನೋಡಿದರು. ಹಿಂದಿನ ಬ್ರೇಕಿನ ಕೇಬಲ್ಲನ್ನು ಅದರ ಕೊಳವೆ ಸಮೇತ ಮೇಲಿನ ದಂಡಕ್ಕೆ ಪ್ಲಾಸ್ಟಿಕ್ ಪಟ್ಟಿಗಳಿಂದ ಕಟ್ಟಲಾಗಿತ್ತು. ಪಟ್ಟಿಗಳೆಲ್ಲ ಸಮ ಅಂತರದಲ್ಲಿ, ಗಂಟುಗಳೆಲ್ಲ ಕೆಳಗೆ. ಕಾಲಿಗೆ ತರಚದಂತೆ ತುದಿಗಳನ್ನು ನುಣ್ಣಗೆ ಕತ್ತರಿಸಲಾಗಿತ್ತು. ಆದರೆ ಹ್ಯಾಂಡಲ್ ಬಳಿ ಒಂದಿಷ್ಟೂ ಸಡಿಲ ಬಿಟ್ಟಿರಲಿಲ್ಲ. ಎಡಕ್ಕೆ ಹೊರಳಿಸಿದರೆ ಕೇಬಲ್ ಬಿಗಿದು ಬ್ರೇಕು ತಾನೇ ಹಿಡಿಯುತ್ತಿತ್ತು.

“ನಮ್ಮ ಠಾಣೆ ವೈರಿಂಗೂ ಇಷ್ಟು ನೀಟಾಗಿಲ್ಲ ಮೇಡಂ,” ಎಂದ ಏಣಿ, ಮಣ್ಣು ಕೊಡವುತ್ತ.

ಆಕೆ ಎದ್ದು ನಿಂತರು. ತಮ್ಮನ ಕೆಲಸವೇನೆಂದು ಫೋನಿನಲ್ಲಿ ಯಜಮಾನರನ್ನು ಕೇಳಿದರು. ಮನೆಗಳಿಗೆ ಕರೆಂಟಿನ ವೈರಿಂಗ್ ಮಾಡುತ್ತಾನೆಂದು ಉತ್ತರ ಬಂತು.

ಆಕೆ ಏಣಿಯ ಜೊತೆ ಹೋದಾಗ ಆ ತಮ್ಮ ಮನೆಯಲ್ಲೇ ಸಿಕ್ಕ. ಅವನ ನಡುಮನೆಯ ಗೋಡೆಯ ಮೇಲೆ ವೈರುಗಳು ಗೀಟು ಎಳೆದಂತೆ ಹೋಗಿದ್ದವು. ಅದೇ ಪಟ್ಟಿ, ಅದೇ ಗಂಟು.

“ಅಣ್ಣನ ಸೈಕಲ್ ಮುಟ್ಟಿದ್ರಾ?”

“ಮುಟ್ಟಿದೆ. ನಿನ್ನೆ ಮಧ್ಯಾಹ್ನ, ಅಣ್ಣ ಮಲಗಿದ್ದಾಗ.”

“ಯಾಕೆ?”

“ಕೇಬಲ್ ಜೋತಾಡ್ತಿತ್ತು. ತುಳಿಯುವಾಗ ಮಂಡಿಗೆ ಸಿಕ್ಕಿಕೊಳ್ತಿತ್ತು. ದಿನಾ ಕಿಟಕೀಲಿ ನೋಡ್ತಿದ್ದೆ, ಎಲ್ಲಿ ಬೀಳ್ತಾನೋ ಅಂತ.”

“ಬಾಯಲ್ಲಿ ಹೇಳಬಹುದಿತ್ತಲ್ಲ?”

“ಮಾತು ಬಿಟ್ಟಿದೀನಿ ಮೇಡಂ. ಅಣ್ಣನ್ನ ಬಿಟ್ಟಿಲ್ಲ.”

ಅಣ್ಣ ಅದರಿಂದಲೇ ಬಿದ್ದದ್ದೆಂದು ಕೇಳಿ ಅವನ ಮುಖ ಬಿಳಿಚಿಕೊಂಡಿತು. ಹ್ಯಾಂಡಲ್ ತಿರುಗುವುದನ್ನು ಯೋಚಿಸಿಯೇ ಇರಲಿಲ್ಲವೆಂದ. ಇವನು ವೈರು ಕಟ್ಟುವ ಗೋಡೆ ಯಾವತ್ತು ತಿರುಗಿದೆ ಎಂದು ಏಣಿ ಅವನ ಪರವಾಗಿ ವಾದಿಸಿದ.

ನಿರ್ಲಕ್ಷ್ಯದಿಂದ ಗಾಯಪಡಿಸಿದ್ದಕ್ಕೆ ಎಫ್‌ಐಆರ್ ದಾಖಲಾಯಿತು. ಮಧ್ಯಾಹ್ನ ಮೂರಕ್ಕೆ ಬಂಧನ. ಠಾಣೆಯಲ್ಲೇ ಜಾಮೀನು ಕೊಡಬಹುದಾದ ಅಪರಾಧ. ಹೊಣೆ ನಿಲ್ಲಲು ಒಬ್ಬರು ಬೇಕಿತ್ತು. ಇನ್‌ಸ್ಪೆಕ್ಟರ್ ಯಜಮಾನರನ್ನು ಕರೆಸಿ, ಬಿಗಿದ ಕೇಬಲ್ ತೋರಿಸಿ, ತಮ್ಮನ ಹೇಳಿಕೆಯನ್ನು ಪೂರ್ತಿ ಓದಿ ಹೇಳಿದರು. ಯಜಮಾನರು ಜಾಮೀನಿಗೆ ಎಲ್ಲಿ ಸಹಿ ಹಾಕಬೇಕೆಂದು ಕೇಳಿದರು.

ಕೇಸ್ ಡೈರಿಯಲ್ಲಿ ಉದ್ದೇಶ ಎಂಬಲ್ಲಿ ಆಕೆ ಬರೆದರು: ಅಣ್ಣ ಬೀಳದಿರಲಿ ಎಂದು.

ಅಂಗಳದಲ್ಲಿ ಹ್ಯಾಂಡಲ್ ಬಳಿಯ ಪಟ್ಟಿಯನ್ನು ತಮ್ಮನೇ ಕತ್ತರಿಸಿ, ಕೇಬಲ್ಲನ್ನು ಕಮಾನಿನಂತೆ ಸಡಿಲ ಬಿಟ್ಟು ಮತ್ತೆ ಕಟ್ಟಿದ. ಯಜಮಾನರು ಹ್ಯಾಂಡಲನ್ನು ಎಡಕ್ಕೂ ಬಲಕ್ಕೂ ತಿರುಗಿಸಿ ನೋಡಿದರು. ಆಮೇಲೆ ಸೀಟಿನ ಮೇಲೆ ಕೂತು, ಹಿಂದೆ ನೋಡದೆ, ಎರಡು ವರ್ಷದ ಮೇಲೆ ಮೊದಲ ಮಾತು ಆಡಿದರು.

“ಹಿಂದೆ ಕೂರ್ತೀಯೋ, ನಡ್ಕೊಂಡು ಬರ್ತೀಯೋ?”